ಬೈಕಿನ ರಿಮ್ಮಿಗೆ ಕಾರಿನ ಟಯರ್: ಸೈಡ್‌ಕಾರ್ ಕಲಿಸುವ ಪಾಠ

ಸೈಡ್‌ಕಾರ್ ಎಂದೊಡನೆ ನಮ್ಮ ಮನೆಗಳ ಹಿರಿಯರಿಗೆ ನೆನಪಾಗುವುದು 1975ರ ಹಿಂದಿ ಚಿತ್ರ ‘ಶೋಲೆ’. ನಮ್ಮದೇ ರಾಮನಗರದ ಬಂಡೆಗಳ ನಡುವೆ ಬಹುಪಾಲು ಚಿತ್ರೀಕರಣಗೊಂಡ ಆ ಚಿತ್ರದಲ್ಲಿ ಇಬ್ಬರು ಗೆಳೆಯರು ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಹಾಡುತ್ತಾ ಹೋಗುತ್ತಾರೆ. ಇನ್ನು ಕೆಲವರಿಗೆ ನೆನಪಾಗುವುದು ಬಜಾಜ್ ಸ್ಕೂಟರಿನ ಎಡಬದಿಗೆ ಕಟ್ಟಿದ ತಗಡಿನ ತೊಟ್ಟಿಲು. ಇಡೀ ಸಂಸಾರ ಅದರಲ್ಲಿ ಕೂತು ಮದುವೆಗೆ ಹೋಗುತ್ತಿದ್ದ ಕಾಲ ಅದು. ನಮ್ಮ ತಲೆಮಾರಿಗೆ ಸೈಡ್‌ಕಾರ್ ಅಪರೂಪ. ಆದರೂ ಈ ಸಲದ ಸಂಚಿಕೆಗೆ ನಾನು ಅದನ್ನೇ ಆರಿಸಿಕೊಂಡಿದ್ದೇನೆ.

ಕಾರಣ ಒಂದು ಪ್ರಶ್ನೆ: ಸೈಡ್‌ಕಾರ್ ಕಟ್ಟಿದ ಬೈಕಿನ ರಿಮ್ಮಿಗೆ ಕಾರಿನ ಟಯರ್ ಹಾಕಬಹುದೇ? ಕೇಳಿದರೆ ಇದು ಗ್ಯಾರೇಜಿನ ಮಾತು ಅನ್ನಿಸುತ್ತದೆ. ಆದರೆ ಉತ್ತರ ಹುಡುಕುತ್ತಾ ಹೋದರೆ ನಾವು ಪ್ರಥಮ ಪಿಯುಸಿಯಲ್ಲಿ ಓದುವ ವೃತ್ತೀಯ ಚಲನೆ, ಘರ್ಷಣೆ, ಒತ್ತಡ ಎಲ್ಲವೂ ಎದುರಾಗುತ್ತವೆ. ಉತ್ತರ ತಪ್ಪಿದರೆ ಹೋಗುವುದು ಅಂಕವಲ್ಲ, ಕೈಯೋ ಕಣ್ಣೋ ಪ್ರಾಣವೋ. ರಜೆಯ ದಿನಗಳಲ್ಲಿ ನನ್ನ ಮಾಮನ ಟಯರ್ ಅಂಗಡಿಯಲ್ಲಿ ಕೈಜೋಡಿಸುವ ನನಗೆ ಈ ವಿಷಯ ಹತ್ತಿರದ್ದು. ಅಲ್ಲಿ ಕಂಡದ್ದನ್ನೂ ತರಗತಿಯಲ್ಲಿ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೈಕಿನ ಟಯರ್ ದುಂಡಗಿರುವುದೇಕೆ?

ನಮ್ಮ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ನಿಂತಿರುವ ಯಾವುದಾದರೂ ಬೈಕಿನ ಹಿಂದೆ ಕೂತು ಟಯರನ್ನು ನೋಡಿ. ಅದರ ಮೇಲ್ಮೈ ಕತ್ತರಿಸಿದ ಕಿತ್ತಳೆಯ ಹಾಗೆ ದುಂಡಗಿರುತ್ತದೆ. ಪಕ್ಕದಲ್ಲಿರುವ ಉಪನ್ಯಾಸಕರ ಕಾರಿನ ಟಯರ್ ನೋಡಿ. ಅದು ಇಟ್ಟಿಗೆಯ ಹಾಗೆ ಚಪ್ಪಟೆ. ಈ ವ್ಯತ್ಯಾಸಕ್ಕೆ ಕಾರಣ ಎರಡೂ ವಾಹನಗಳು ತಿರುಗುವ ರೀತಿ.

ಬೈಕ್ ತಿರುವಿನಲ್ಲಿ ವಾಲುತ್ತದೆ. ಎಷ್ಟು ವಾಲಬೇಕು ಎಂಬುದಕ್ಕೆ ಲೆಕ್ಕವಿದೆ. ವಾಲುವ ಕೋನದ ಟ್ಯಾನ್ ಬೆಲೆಯು, ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಷ್ಟು. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ತಿರುವಿನ ತ್ರಿಜ್ಯ 20 ಮೀಟರ್ ಇರಲಿ, ಗುರುತ್ವವನ್ನು 10 ಎಂದು ಹಿಡಿಯೋಣ. 100 ಭಾಗಿಸು 200, ಅಂದರೆ 0.5. ಕೋನ ಸುಮಾರು 27 ಡಿಗ್ರಿ. ಇಷ್ಟು ವಾಲಿದಾಗಲೂ ನೆಲಕ್ಕೆ ತಾಗಲು ರಬ್ಬರ್ ಬೇಕು. ಅದಕ್ಕಾಗಿಯೇ ದುಂಡು ಆಕಾರ. ನೆಟ್ಟಗಿದ್ದಾಗ ನಡುಭಾಗ ತಾಗುತ್ತದೆ, ವಾಲಿದಾಗ ಪಕ್ಕದ ಭಾಗ ತಾಗುತ್ತದೆ.

ವಾಲುವುದರಿಂದ ಇನ್ನೊಂದು ಲಾಭವಿದೆ. ಸವಾರನ ಮತ್ತು ಬೈಕಿನ ಭಾರ ಕೆಳಮುಖವಾಗಿ, ತಿರುವಿನ ಪ್ರಭಾವ ಅಡ್ಡವಾಗಿ ಕೆಲಸ ಮಾಡುತ್ತವೆ. ಸರಿಯಾದ ಕೋನದಲ್ಲಿ ವಾಲಿದಾಗ ಇವೆರಡರ ಫಲಿತ ಬಲ ಚಕ್ರದ ಸಮತಲದೊಳಗೇ ಬೀಳುತ್ತದೆ. ಹಾಗಾಗಿ ಚಕ್ರದ ಕಡ್ಡಿಗಳಿಗೆ, ಅಂದರೆ ಸ್ಪೋಕ್‌ಗಳಿಗೆ, ಪಕ್ಕದಿಂದ ದೊಡ್ಡ ಹೊಡೆತ ಬೀಳುವುದಿಲ್ಲ. ಬೈಕಿನ ಚಕ್ರ ತೆಳ್ಳಗಿದ್ದರೂ ಸಾಕಾಗುವುದು ಇದರಿಂದಲೇ.

ಮೂರನೇ ಚಕ್ರ ಬಂದಾಗ

ಈಗ ಅದೇ ಬೈಕಿಗೆ ಎಡಬದಿಯಲ್ಲಿ ಸೈಡ್‌ಕಾರ್ ಕಟ್ಟೋಣ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ನಮ್ಮಲ್ಲಿ ಅದು ಎಡಕ್ಕೆ, ರಷ್ಯಾ ಜರ್ಮನಿಗಳಲ್ಲಿ ಬಲಕ್ಕೆ. ಮೂರು ಚಕ್ರ ನೆಲ ಹಿಡಿದ ಮೇಲೆ ವಾಹನ ವಾಲುವುದಿಲ್ಲ. ಹ್ಯಾಂಡಲ್ ಬೈಕಿನದೇ, ಆಸನ ಬೈಕಿನದೇ, ಆದರೆ ತಿರುಗುವ ಸ್ವಭಾವ ಕಾರಿನದು. ನಮ್ಮ ಆಟೋರಿಕ್ಷಾವನ್ನೇ ನೆನಪಿಸಿಕೊಳ್ಳಿ. ಅದಕ್ಕೂ ಹ್ಯಾಂಡಲ್ ಇದೆ, ಆದರೆ ಆಟೋ ತಿರುವಿನಲ್ಲಿ ಬೈಕಿನಂತೆ ಒಳಕ್ಕೆ ವಾಲುವುದಿಲ್ಲ. ಹೊರಕ್ಕೇ ತೂಗುತ್ತದೆ, ಒಳಗೆ ಕೂತವರೂ ಹೊರಕ್ಕೇ ಜರುಗುತ್ತಾರೆ.

ಮೇಲಿನ ತಿರುವನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಬೈಕ್, ಸೈಡ್‌ಕಾರ್, ಇಬ್ಬರು ಜನ ಸೇರಿ 400 ಕೆ.ಜಿ. ಇರಲಿ. ಸೆಕೆಂಡಿಗೆ 10 ಮೀಟರ್ ವೇಗ, 20 ಮೀಟರ್ ತ್ರಿಜ್ಯಕ್ಕೆ ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ 5. ಬಲ 400 ಗುಣಿಸು 5, ಅಂದರೆ 2,000 ನ್ಯೂಟನ್. ಇದು ಸುಮಾರು 200 ಕೆ.ಜಿ. ತೂಕದಷ್ಟು ಬಲ, ಅದೂ ಅಡ್ಡಲಾಗಿ. ಮೂರು ಚಕ್ರಗಳೂ ಅವುಗಳ ಕಡ್ಡಿಗಳೂ ಇದನ್ನು ಹೊರಬೇಕು. ಎಡ ತಿರುವಿನಲ್ಲಿ ಖಾಲಿ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಏಳುವುದೂ ಇದೆ. ಅನುಭವಿ ಸವಾರರು ಖಾಲಿ ಸೈಡ್‌ಕಾರಿನಲ್ಲಿ ಮರಳು ಚೀಲ ಇಡುವುದು ಇದಕ್ಕಾಗಿಯೇ.

ಈ ವಾಹನದಲ್ಲಿ ದುಂಡು ಟಯರಿನ ಗತಿ ಏನು? ವಾಲುವುದೇ ಇಲ್ಲವಾದ್ದರಿಂದ ಅದರ ಪಕ್ಕದ ರಬ್ಬರ್ ನೆಲವನ್ನು ಮುಟ್ಟುವುದೇ ಇಲ್ಲ. ನಡುವಿನ ಕಿರಿದಾದ ಪಟ್ಟಿಯೊಂದೇ ಎಲ್ಲ ಭಾರವನ್ನೂ ಹೊತ್ತು ತೇಯುತ್ತದೆ. ಎಂಜಿನ್ ತಳ್ಳುವುದು ಹಿಂದಿನ ಚಕ್ರದಿಂದ, ಹಾಗಾಗಿ ಮೊದಲು ಸಾಯುವುದು ಹಿಂದಿನ ಟಯರ್. ಭಾರವಾದ ಗಾಡಿಗಳಲ್ಲಿ ಕೆಲವೇ ಸಾವಿರ ಕಿ.ಮೀ.ಗಳಲ್ಲಿ ನಡುಭಾಗ ಬೋಳಾಗುತ್ತದೆ. ಪಕ್ಕದ ಹಲ್ಲುಗಳು ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಇರುತ್ತವೆ. ದುಡ್ಡು ಕೊಟ್ಟು ಕೊಂಡ ರಬ್ಬರಿನ ಅರ್ಧಕ್ಕಿಂತ ಹೆಚ್ಚು ಕಸಕ್ಕೆ ಹೋಗುತ್ತದೆ.

ಚಪ್ಪಟೆ ಟಯರಿನ ಆಸೆ

ಈ ಕಾರಣಕ್ಕೆ ಸೈಡ್‌ಕಾರ್ ಸವಾರರ ಕಣ್ಣು ಕಾರಿನ ಟಯರಿನ ಮೇಲೆ ಬೀಳುವುದು ಸಹಜ. ಚಪ್ಪಟೆ ಟಯರ್ ಇಡೀ ಅಗಲಕ್ಕೆ ಸಮನಾಗಿ ತೇಯುತ್ತದೆ. ಅದರ ರಬ್ಬರ್ ಹೆಚ್ಚು ಬಾಳಿಕೆಗಾಗಿ ತಯಾರಾದದ್ದು, ಹೊರುವ ಭಾರ ಹೆಚ್ಚು, ಬೆಲೆಯೂ ಅನೇಕ ಕಡೆ ದೊಡ್ಡ ಬೈಕಿನ ಟಯರಿಗಿಂತ ಕಡಿಮೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು. ಅಗಲವಾದ ಟಯರ್ ಹಾಕಿದರೆ ನೆಲಕ್ಕೆ ತಾಗುವ ವಿಸ್ತೀರ್ಣ ಬಹಳ ಹೆಚ್ಚುತ್ತದೆ ಎಂದು ಹೆಚ್ಚಿನವರು ನಂಬುತ್ತಾರೆ. ಆ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. 2,500 ನ್ಯೂಟನ್ ಭಾರ, 2,00,000 ಪ್ಯಾಸ್ಕಲ್ ಒತ್ತಡ ಇದ್ದರೆ ತಾಗುವ ಜಾಗ ಸುಮಾರು 125 ಚದರ ಸೆಂಟಿಮೀಟರ್, ಅಂದರೆ ನಮ್ಮ ಅಂಗೈ ಮತ್ತು ಬೆರಳುಗಳಷ್ಟು. ಬದಲಾಗುವುದು ಹೆಚ್ಚಾಗಿ ಅದರ ಆಕಾರ. ದುಂಡು ಟಯರಿನಲ್ಲಿ ಅದು ಉದ್ದ ಮತ್ತು ಕಿರಿದು, ಚಪ್ಪಟೆ ಟಯರಿನಲ್ಲಿ ಗಿಡ್ಡ ಮತ್ತು ಅಗಲ. ಬಾಳಿಕೆಯ ಲಾಭ ಬರುವುದು ಒಂದು ಸುತ್ತಿಗೆ ಬಳಕೆಯಾಗುವ ಒಟ್ಟು ರಬ್ಬರ್ ಹೆಚ್ಚಾಗುವುದರಿಂದ.

ಈ ಆಸೆ ಹೊಸದಲ್ಲ. 1949ರಲ್ಲಿ ಶುರುವಾದ ಸೈಡ್‌ಕಾರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲು ಓಡುತ್ತಿದ್ದದ್ದು ಮಾಮೂಲಿ ಬೈಕಿಗೆ ಮೂರನೇ ಚಕ್ರ ಕಟ್ಟಿದ ಗಾಡಿಗಳು. ಇಂದು ಅದೇ ರೇಸಿನ ಗಾಡಿಗಳು ನೆಲಕ್ಕೆ ಅಂಟಿದಂತೆ ತಗ್ಗಾಗಿವೆ, ಅವುಗಳ ಟಯರ್ ಕಾರಿನ ರೇಸ್ ಟಯರಿನಂತೆ ಅಗಲ ಮತ್ತು ಚಪ್ಪಟೆ. ಯುರೋಪಿನಲ್ಲಿ ರಸ್ತೆಗಾಗಿ ಸೈಡ್‌ಕಾರ್ ಕಟ್ಟುವ ಕುಶಲಕರ್ಮಿಗಳೂ ಅದೇ ದಾರಿ ಹಿಡಿದರು. ಅವರು ಬಹಳ ಮೆಚ್ಚಿದ ಅಳತೆಗಳಲ್ಲಿ 15 ಇಂಚಿನ ಕಿರಿದಾದ ಕಾರ್ ಟಯರ್ ಒಂದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ‘2ಸಿವಿ’ ಎಂಬ ಪುಟ್ಟ ಕಾರಿಗೆ ಬರುತ್ತಿದ್ದ 125 ಮಿ.ಮೀ. ಅಗಲದ ಟಯರ್ ಇದೇ ಅಳತೆಯದು. ಕಾರಿನದಾದರೂ ಬೈಕಿನ ಚೌಕಟ್ಟಿನೊಳಗೆ ಕೂರುವಷ್ಟು ತೆಳ್ಳಗಿರುವುದೇ ಅದರ ಗುಣ.

ಗಮನಿಸಬೇಕಾದ ಮಾತೊಂದಿದೆ. ಈ ಕುಶಲಕರ್ಮಿಗಳು ಬೈಕಿನ ರಿಮ್ಮಿಗೆ ಕಾರಿನ ಟಯರನ್ನು ತುರುಕಲಿಲ್ಲ. ಅವರು ಚಕ್ರವನ್ನೇ ಬದಲಿಸಿದರು. ಬೈಕಿನ ಹಬ್ಬಿಗೆ ಹೊಂದುವಂತೆ, ಕಾರಿನ ಟಯರಿಗಾಗಿಯೇ ರೂಪಿಸಿದ ರಿಮ್ ಇರುವ ಹೊಸ ಚಕ್ರ ಮಾಡಿದರು. ಸ್ಪೋಕ್‌ಗಳ ಬದಲು ಗಟ್ಟಿ ಲೋಹದ ಚಕ್ರ ಬಳಸಿದ್ದರಿಂದ ಅಡ್ಡ ಬಲದ ಸಮಸ್ಯೆಗೂ ಪರಿಹಾರ ಸಿಕ್ಕಿತು. ಟಯರ್ ಕಾರಿನದು, ರಿಮ್ಮೂ ಕಾರಿನ ಟಯರಿನದು. ಈ ಜೋಡಿ ತಪ್ಪಿದಾಗ ಏನಾಗುತ್ತದೆ ಎಂದು ಮುಂದೆ ನೋಡೋಣ.

ಟಯರಿನ ಮೇಲೆ ಬರೆದಿರುವುದು

ಮೊದಲು ಟಯರಿನ ಭಾಷೆ ಕಲಿಯೋಣ. ಆಲ್ಟೋ ಕಾರಿನ ಟಯರಿನ ಮೇಲೆ 145/80 ಆರ್ 12 ಎಂದಿರುತ್ತದೆ. 145 ಎಂದರೆ ಟಯರಿನ ಅಗಲ ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಅಂದರೆ 116 ಮಿ.ಮೀ. ‘ಆರ್’ ಎಂದರೆ ರೇಡಿಯಲ್ ರಚನೆ. 12 ಎಂದರೆ ಅದು ಕೂರುವ ರಿಮ್ಮಿನ ವ್ಯಾಸ ಇಂಚಿನಲ್ಲಿ. ಅದರ ಮುಂದೆ 74 ಎಂಬಂಥ ಸಂಖ್ಯೆ, ಎಸ್ ಎಂಬಂಥ ಅಕ್ಷರ ಇರುತ್ತವೆ. 74 ಭಾರದ ಸೂಚ್ಯಂಕ, ಅದರ ಅರ್ಥ 375 ಕೆ.ಜಿ. ಎಸ್ ವೇಗದ ಸೂಚಕ, ಗಂಟೆಗೆ 180 ಕಿ.ಮೀ.

ಹಳೆಯ ಬುಲೆಟ್ಟಿನ ಟಯರಿನ ಮೇಲೆ 3.25-19 ಎಂದಿರುತ್ತದೆ. ಅಗಲ ಮೂರೂಕಾಲು ಇಂಚು, ರಿಮ್ಮಿನ ವ್ಯಾಸ 19 ಇಂಚು. ಈ ಟಯರ್ ಕೂರುವ ರಿಮ್ಮಿನ ಒಳ ಅಗಲ ಎರಡು ಇಂಚಿಗಿಂತ ಕಡಿಮೆ. ಆಲ್ಟೋ ಟಯರಿಗೆ ಬೇಕಾದದ್ದು ಸುಮಾರು 4 ಇಂಚು ಅಗಲದ ರಿಮ್. ಹೀಗಾಗಿ ನಮ್ಮಲ್ಲಿ ಬುಲೆಟ್ ರಿಮ್ಮಿಗೆ ಕಾರಿನ ಟಯರ್ ಹಾಕುವ ಮಾತು ಅಳತೆಯಲ್ಲಿಯೇ ಬಿದ್ದುಹೋಗುತ್ತದೆ.

ಅಪಾಯ ಹೆಚ್ಚು ಇರುವುದು ಅಳತೆ ಹೊಂದಿದಂತೆ ಕಾಣುವ ಕಡೆ. ಹೋಂಡಾ ಗೋಲ್ಡ್‌ವಿಂಗ್ ಎಂಬ ದೈತ್ಯ ಬೈಕಿನ ಹಿಂದಿನ ಚಕ್ರ 16 ಇಂಚಿನದು, ರಿಮ್ಮೂ ಅಗಲ. ಕಾರುಗಳಲ್ಲೂ 16 ಇಂಚಿನ ಟಯರ್ ಸಾಮಾನ್ಯ. ಹಾಗಾಗಿ ಅಮೆರಿಕದಲ್ಲಿ ಗೋಲ್ಡ್‌ವಿಂಗಿಗೆ ಸೈಡ್‌ಕಾರ್ ಕಟ್ಟಿದವರು, ಕಟ್ಟದವರೂ ಸಹ, ಕಾರಿನ ಟಯರ್ ಹಾಕಿ ಓಡಿಸುವುದುಂಟು. ಅಂಥವರನ್ನು ಅಲ್ಲಿ ತಮಾಷೆಯಾಗಿ ‘ಡಾರ್ಕ್‌ಸೈಡರ್’ ಎನ್ನುತ್ತಾರೆ, ಕತ್ತಲ ಕಡೆಗೆ ಹೋದವರು ಎಂಬ ಅರ್ಥದಲ್ಲಿ. ಬಹಳ ಕಿ.ಮೀ. ಓಡಿದೆ, ಏನೂ ಆಗಿಲ್ಲ ಎಂಬುದು ಅವರ ವಾದ. ಟಯರ್ ಕಂಪನಿಗಳು ಮಾತ್ರ ಇದನ್ನು ಒಪ್ಪುವುದಿಲ್ಲ. ಎರಡೂ 16 ಇಂಚು ಎಂದ ಮೇಲೆ ತೊಂದರೆ ಎಲ್ಲಿದೆ?

ಬೀಡ್: ಜೀವ ನಿಂತಿರುವ ಅಂಚು

ಟಯರಿನ ಒಳ ಅಂಚನ್ನು ಒಮ್ಮೆ ಮುಟ್ಟಿ ನೋಡಿ. ರಬ್ಬರಿನ ಒಳಗೆ ಗಟ್ಟಿಯಾದ ಬಳೆಯೊಂದು ಕೈಗೆ ಸಿಗುತ್ತದೆ. ಅದು ಉಕ್ಕಿನ ತಂತಿಗಳನ್ನು ಸುತ್ತಿ ಮಾಡಿದ ಉಂಗುರ. ಇದನ್ನು ಬೀಡ್ ಎನ್ನುತ್ತಾರೆ. ಗಾಳಿ ತುಂಬಿದಾಗ ಬೀಡ್ ಜಾರಿಕೊಂಡು ಬಂದು ರಿಮ್ಮಿನ ಅಂಚಿನ ಕಟ್ಟೆಯ ಮೇಲೆ ಕೂರುತ್ತದೆ. ಆಗ ‘ಟಪ್’ ಎಂದು ಸದ್ದು ಬರುತ್ತದೆ. ಟಯರನ್ನು ಚಕ್ರಕ್ಕೆ ಕಟ್ಟಿಹಾಕುವ ಬೋಲ್ಟ್ ಯಾವುದೂ ಇಲ್ಲ. ಇಡೀ ಟಯರ್ ನಿಂತಿರುವುದು ಈ ಬಿಗಿತದ ಮೇಲೆ.

ಬೈಕಿನ ರಿಮ್ ಮತ್ತು ಕಾರಿನ ರಿಮ್ ಬೇರೆ ಬೇರೆ ಮಾನದಂಡಗಳಿಗೆ ತಯಾರಾಗುತ್ತವೆ. ಅಂಚಿನ ಎತ್ತರ, ಬೀಡ್ ಕೂರುವ ಕಟ್ಟೆಯ ಅಗಲ, ಬೀಡ್ ಒಳಕ್ಕೆ ಜಾರದಂತೆ ತಡೆಯುವ ಉಬ್ಬಿನ ಆಕಾರ, ಇವುಗಳಲ್ಲಿ ವ್ಯತ್ಯಾಸವಿರುತ್ತದೆ. ಇವು ಮಿಲಿಮೀಟರಿನ ಲೆಕ್ಕದವು, ಟಯರಿನ ಮೇಲೆ ಬರೆದ 16 ಎಂಬ ಸಂಖ್ಯೆ ಇವನ್ನು ಹೇಳುವುದಿಲ್ಲ. ಹೊಂದದ ಬೀಡ್ ಸುಲಭವಾಗಿ ಕೂರುವುದಿಲ್ಲ. ಆಗ ಮನುಷ್ಯ ಮಾಡುವ ಮೊದಲ ಕೆಲಸ ಇನ್ನಷ್ಟು ಗಾಳಿ ಹೊಡೆಯುವುದು. ಅಪಘಾತ ಆಗುವುದು ಆ ಕ್ಷಣದಲ್ಲಿ.

ಎಷ್ಟು ಬಲ ಅಡಗಿರುತ್ತದೆ ಎಂದು ನೋಡೋಣ. ಅನೇಕ ಕಾರ್ ಟಯರ್‌ಗಳ ಪಕ್ಕದಲ್ಲಿ, ಬೀಡ್ ಕೂರಿಸಲು 40 ಪಿಎಸ್‌ಐ ಮೀರಬೇಡಿ ಎಂಬ ಎಚ್ಚರಿಕೆ ಇರುತ್ತದೆ. 40 ಪಿಎಸ್‌ಐ ಎಂದರೆ ಸುಮಾರು 2,75,000 ಪ್ಯಾಸ್ಕಲ್. ಆಲ್ಟೋದಂಥ ಸಣ್ಣ ಟಯರಿನ ಒಂದು ಪಕ್ಕದ ಗೋಡೆಯ ವಿಸ್ತೀರ್ಣ ಸುಮಾರು 0.15 ಚದರ ಮೀಟರ್. ಇವೆರಡನ್ನೂ ಗುಣಿಸಿದರೆ 41,000 ನ್ಯೂಟನ್ನಿಗಿಂತ ಹೆಚ್ಚು. ಅಂದರೆ ಒಂದು ಪಕ್ಕದ ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುವುದು ನಾಲ್ಕು ಟನ್ ತೂಕದಷ್ಟು ಬಲ. ಬೀಡಿನ ಉಕ್ಕಿನ ತಂತಿ ಹರಿದರೆ ಈ ಬಲ ಬಿಡುಗಡೆಯಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಎದುರಿಗೆ ಬಗ್ಗಿ ನಿಂತವರ ಮುಖಕ್ಕೇ ಅದು ಬಡಿಯುತ್ತದೆ.

ಇದು ಕಲ್ಪನೆಯ ಮಾತಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಲಘು ಟ್ರಕ್‌ಗಳಲ್ಲಿ 16 ಇಂಚಿನ ರಿಮ್ಮೂ 16.5 ಇಂಚಿನ ರಿಮ್ಮೂ ಬಳಕೆಯಲ್ಲಿದ್ದವು. ನೋಟಕ್ಕೆ ಎರಡೂ ಒಂದೇ. 16 ಇಂಚಿನ ಟಯರ್ 16.5 ಇಂಚಿನ ರಿಮ್ಮಿನೊಳಗೆ ಹೋಗಿಬಿಡುತ್ತಿತ್ತು, ಆದರೆ ಬೀಡ್ ಕೂರುತ್ತಿರಲಿಲ್ಲ. ಅರ್ಧ ಇಂಚಿನ ಈ ವ್ಯತ್ಯಾಸದಿಂದ ಟಯರ್‌ಗಳು ಸಿಡಿದು ಮೆಕ್ಯಾನಿಕ್‌ಗಳು ಗಾಯಗೊಂಡರು, ಸತ್ತವರೂ ಇದ್ದಾರೆ. ತಲೆಗೆ ತೀವ್ರ ಪೆಟ್ಟು ಬಿದ್ದ ಒಬ್ಬ ಮೆಕ್ಯಾನಿಕ್ ಹೂಡಿದ ಮೊಕದ್ದಮೆಯಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪು ಕೊಟ್ಟಿತು. ಟಯರಿನ ಮೇಲೆ ಎಚ್ಚರಿಕೆಯ ಚೀಟಿ ಇತ್ತು. ಆದರೂ, ಹೆಚ್ಚು ಸುರಕ್ಷಿತವಾದ ಬೀಡ್ ವಿನ್ಯಾಸ ಲಭ್ಯವಿದ್ದಾಗ ಅದನ್ನು ಬಳಸದೆ ಕೇವಲ ಎಚ್ಚರಿಕೆ ಬರೆದರೆ ತಯಾರಕರ ಹೊಣೆ ಮುಗಿಯುವುದಿಲ್ಲ ಎಂದು ನ್ಯಾಯಾಲಯ ಕಂಪನಿಯನ್ನೇ ಹೊಣೆ ಮಾಡಿತು. ಎಂಜಿನಿಯರ್ ಆಗಬೇಕೆಂದಿರುವ ಗೆಳೆಯರು, ಕಾನೂನು ಓದಬೇಕೆಂದಿರುವ ಗೆಳೆಯರು, ಇಬ್ಬರೂ ಈ ತೀರ್ಪನ್ನು ನೆನಪಿಡಬೇಕು.

ಅಂಗಡಿಗೆ ಬಂದ ಒಂದು ಸೈಡ್‌ಕಾರ್

ಕಳೆದ ಬೇಸಿಗೆ ರಜೆಯಲ್ಲಿ ಒಬ್ಬರು ಹಳೆಯ ಬುಲೆಟ್ಟಿಗೆ ಸೈಡ್‌ಕಾರ್ ಕಟ್ಟಿಕೊಂಡು ಮಾಮನ ಅಂಗಡಿಗೆ ಬಂದರು. ಸೈಡ್‌ಕಾರಿನಲ್ಲಿ ಅವರ ಮಗ ಇದ್ದ, ಏಳೆಂಟು ವರ್ಷದವನು. ಅವನ ಕಾಲುಗಳಿಗೆ ಬಲವಿಲ್ಲ. ಶಾಲೆಗೆ ಕರೆದೊಯ್ಯಲು ಅವರು ಈ ಗಾಡಿ ಮಾಡಿಸಿಕೊಂಡಿದ್ದರು. ಹಿಂದಿನ ಟಯರ್ ಮೂರು ನಾಲ್ಕು ತಿಂಗಳಿಗೇ ಬೋಳಾಗುತ್ತಿದೆ, ದುಡ್ಡು ಸಾಕಾಗುತ್ತಿಲ್ಲ ಎಂಬುದು ಅವರ ಕಷ್ಟ. ಯಾರೋ ಹೇಳಿದ ಮಾತು ಕೇಳಿ ಗುಜರಿಯಿಂದ ಆಲ್ಟೋದ ಹಳೆಯ ಚಕ್ರವೊಂದನ್ನು ತಂದಿದ್ದರು. ಅದರ ನಡುವನ್ನು ಕತ್ತರಿಸಿ ಬುಲೆಟ್ಟಿನ ಹಬ್ಬಿಗೆ ವೆಲ್ಡ್ ಮಾಡಿಕೊಡಬೇಕಂತೆ.

ಮಾಮ ಆಗುವುದಿಲ್ಲ ಎಂದರು. ಅವರು ಪಿಯುಸಿ ಓದಿದವರಲ್ಲ, ಆದರೆ ಕೊಟ್ಟ ಕಾರಣಗಳು ಒಂದೊಂದೂ ಲೆಕ್ಕಕ್ಕೆ ಸರಿಹೊಂದುವಂಥವು. ಕತ್ತರಿಸಿ ಬೆಸೆದ ಚಕ್ರ ಅಡ್ಡ ಬಲವನ್ನು ಎಷ್ಟು ದಿನ ತಡೆಯುತ್ತದೆ ಎಂದು ಯಾರೂ ಹೇಳಲಾರರು. 145 ಮಿ.ಮೀ. ಅಗಲದ ಟಯರ್ ಒಂದು ಕಡೆ ಚೈನಿಗೆ, ಇನ್ನೊಂದು ಕಡೆ ಚೌಕಟ್ಟಿಗೆ ಉಜ್ಜುತ್ತದೆ. ಮೂರನೆಯದು ಎತ್ತರದ ಪ್ರಶ್ನೆ. ಮನೆಗೆ ಬಂದು ನಾನು ಲೆಕ್ಕ ಹಾಕಿದೆ. 3.25-19 ಟಯರಿನ ಹೊರ ವ್ಯಾಸ ಸುಮಾರು 648 ಮಿ.ಮೀ., ಆಲ್ಟೋ ಟಯರಿನದು ಸುಮಾರು 537. ಗಾಡಿಯ ಹಿಂಭಾಗ 55 ಮಿ.ಮೀ. ಕುಸಿಯುತ್ತದೆ, ಸೈಡ್‌ಕಾರಿನ ಮಟ್ಟ ತಪ್ಪುತ್ತದೆ. ಅದೇ ವೇಗಕ್ಕೆ ಎಂಜಿನ್ ಸುಮಾರು ಐದನೇ ಒಂದರಷ್ಟು ಹೆಚ್ಚು ತಿರುಗಬೇಕಾಗುತ್ತದೆ.

ಆಗುವುದಿಲ್ಲ ಎಂದು ಹೇಳಿ ಕಳಿಸಿಬಿಟ್ಟಿದ್ದರೆ ಅವರು ಬೇರೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದ್ದರು. ಮಾಮ ತೇದುಹೋದ ಟಯರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದರು. ನನಗೂ ಮುಟ್ಟಿ ನೋಡು ಎಂದರು. ಒಂದು ದಿಕ್ಕಿಗೆ ಕೈ ಸವರಿದರೆ ನುಣುಪು, ಎದುರು ದಿಕ್ಕಿಗೆ ಸವರಿದರೆ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು. ಟಯರ್ ನೇರವಾಗಿ ಉರುಳದೆ ಪಕ್ಕಕ್ಕೆ ಎಳೆಯಲ್ಪಟ್ಟು ತೇಯುತ್ತಿದೆ ಎಂಬುದಕ್ಕೆ ಅದೇ ಗುರುತು.

ಸೈಡ್‌ಕಾರಿನ ಚಕ್ರವನ್ನು ಬೈಕಿಗೆ ಪೂರ್ತಿ ಸಮಾನಾಂತರವಾಗಿ ಇಡುವುದಿಲ್ಲ. ಅದರ ಮುಂಭಾಗ ಬೈಕಿನ ಕಡೆಗೆ ತುಸು ಒಳಮುಖವಾಗಿರುತ್ತದೆ. ಇದನ್ನು ಟೋ-ಇನ್ ಎನ್ನುತ್ತಾರೆ. ಸೈಡ್‌ಕಾರಿನ ಭಾರ ಗಾಡಿಯನ್ನು ತನ್ನ ಕಡೆಗೆ ಎಳೆಯುವುದನ್ನು ಸರಿದೂಗಿಸಲು ಈ ಉಪಾಯ. ಸಾಮಾನ್ಯವಾಗಿ ಅರ್ಧದಿಂದ ಒಂದು ಇಂಚಿನಷ್ಟು ಸಾಕು. ಮಾಮ ನೇರವಾದ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ತಂದು, ಒಂದನ್ನು ಬೈಕಿನ ಎರಡೂ ಚಕ್ರಗಳಿಗೆ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ ತಾಗಿಸಿ ನೆಲದ ಮೇಲಿಟ್ಟರು. ಮುಂದೆ ಮತ್ತು ಹಿಂದೆ ಪಟ್ಟಿಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದರು. ವ್ಯತ್ಯಾಸ ಎರಡೂವರೆ ಇಂಚು! ಗಾಡಿ ಪ್ರತಿ ಮೀಟರ್ ಸಾಗುವಾಗಲೂ ಒಂದು ಚಕ್ರ ಇನ್ನೊಂದರೊಂದಿಗೆ ಜಗಳವಾಡುತ್ತಿತ್ತು.

“ಟಯರಿಂದು ತಪ್ಪಿಲ್ಲ, ಗೆರೆ ತಪ್ಪಿದೆ” ಎಂದರು ಮಾಮ. ಕೊಂಡಿಗಳನ್ನು ಸಡಿಲಿಸಿ ವ್ಯತ್ಯಾಸವನ್ನು ಮುಕ್ಕಾಲು ಇಂಚಿಗೆ ತಂದರು. ಅದೇ ರಿಮ್ಮಿಗೆ ಒಪ್ಪುವ ಅಳತೆಯಲ್ಲಿ, ನಡುಭಾಗ ಆದಷ್ಟು ಚಪ್ಪಟೆಯಾಗಿರುವ, ಹೆಚ್ಚು ಭಾರ ಹೊರುವ ಬೈಕ್ ಟಯರನ್ನೇ ಹಾಕಿದರು. ಭಾರಕ್ಕೆ ತಕ್ಕ ಗಾಳಿ ತುಂಬಿದರು. ವಾರಕ್ಕೊಮ್ಮೆ ಗಾಳಿ ನೋಡಿಸಲು, ತಿಂಗಳಿಗೊಮ್ಮೆ ಸ್ಪೋಕ್ ತಟ್ಟಿ ಸಡಿಲವಿದೆಯೇ ನೋಡಲು ಹೇಳಿದರು. ದಸರಾ ರಜೆಯಲ್ಲಿ ನಾನು ಮತ್ತೆ ಅಂಗಡಿಯಲ್ಲಿದ್ದಾಗ ಅವರು ಬಂದಿದ್ದರು. ಟಯರ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆಲ್ಟೋ ಚಕ್ರವನ್ನು ಅವರು ಗುಜರಿಗೇ ವಾಪಸ್ ಕೊಟ್ಟಿದ್ದರು.

ಒಂಟಿ ಬೈಕಿಗೆ ಹಾಕಿದರೆ?

ಇದನ್ನು ಓದಿದ ಕೆಲವು ಗೆಳೆಯರಿಗೆ, ಸೈಡ್‌ಕಾರ್ ಇಲ್ಲದ ನಮ್ಮ ಬೈಕಿಗೂ ಅಗಲವಾದ ಚಪ್ಪಟೆ ಟಯರ್ ಹಾಕಿದರೆ ನೋಡಲು ಚೆನ್ನಾಗಿರುತ್ತದಲ್ಲ ಎಂದು ಅನ್ನಿಸಬಹುದು. ಅಂಥವರು ಮೊದಲಿನ 27 ಡಿಗ್ರಿಯ ಲೆಕ್ಕವನ್ನು ಮತ್ತೆ ನೋಡಬೇಕು. ಚಪ್ಪಟೆ ಟಯರ್ ವಾಲಿದಾಗ ನಿಲ್ಲುವುದು ತನ್ನ ಅಂಚಿನ ಮೇಲೆ. ಪಕ್ಕದ ಗೋಡೆ ಬಾಗಿ ಮಡಚುತ್ತದೆ, ಬೈಕ್ ಮತ್ತೆ ನೆಟ್ಟಗಾಗಲು ಎಳೆಯುತ್ತದೆ, ಸವಾರ ಹ್ಯಾಂಡಲ್ ಜೊತೆ ಗುದ್ದಾಡಬೇಕಾಗುತ್ತದೆ. ಕಿರಿದಾದ ರಿಮ್ಮಿಗೆ ಅತಿ ಅಗಲದ ಬೈಕ್ ಟಯರ್ ಹಾಕಿದರೂ ಬೀಡ್ ಹಿಚುಕಿಕೊಂಡು ಟಯರಿನ ಆಕಾರವೇ ಕೆಡುತ್ತದೆ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(27)ರ ಪ್ರಕಾರ, ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರ್ ಒಂದು ಹೆಚ್ಚುವರಿ ಚಕ್ರದೊಂದಿಗೆ ಜೋಡಣೆಯಾಗಿದ್ದರೂ ವಾಹನ ಮೋಟಾರ್ ಸೈಕಲ್ಲೇ. ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಬೇಕಾದವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು ಮುಂದುವರಿಯುವುದು ಒಳ್ಳೆಯದು. ಅಪಘಾತವಾದಾಗ ವಿಮೆಯ ಪ್ರಶ್ನೆಯೂ ಇದರ ಮೇಲೆಯೇ ನಿಲ್ಲುತ್ತದೆ.

ನೆನಪಿಡಬೇಕಾದ ಅಂಶಗಳು

1. ಟಯರಿನ ಆಕಾರವನ್ನು ನಿರ್ಧರಿಸುವುದು ವಾಹನ ತಿರುಗುವ ರೀತಿ. ವಾಲುವ ಗಾಡಿಗೆ ದುಂಡು, ವಾಲದ ಗಾಡಿಗೆ ಚಪ್ಪಟೆ.

2. ಟಯರ್ ಮತ್ತು ರಿಮ್ ಒಂದು ಜೋಡಿ. ಇಂಚಿನ ಸಂಖ್ಯೆ ಹೊಂದಿದ ಮಾತ್ರಕ್ಕೆ ಜೋಡಿ ಹೊಂದಿತು ಎಂದಲ್ಲ. ಸೈಡ್‌ಕಾರಿಗೆ ಕಾರಿನ ಟಯರ್ ಬೇಕೇಬೇಕು ಎಂದಾದರೆ ಅದಕ್ಕೆಂದೇ ತಯಾರಾದ ಚಕ್ರವೂ ಬೇಕು.

3. ಬೀಡ್ ಕೂರುತ್ತಿಲ್ಲ ಎಂದರೆ ಗಾಳಿ ಹೆಚ್ಚಿಸಬೇಡಿ. ಗಾಳಿ ಪೂರ್ತಿ ಬಿಟ್ಟು, ಅಳತೆ ನೋಡಿ, ಸೋಪಿನ ನೀರು ಹಚ್ಚಿ ಮತ್ತೆ ಪ್ರಯತ್ನಿಸಬೇಕು. ಗಾಳಿ ತುಂಬುವಾಗ ಟಯರಿನ ಮೇಲೆ ಬಗ್ಗಿ ನಿಲ್ಲಬೇಡಿ.

4. ಟಯರ್ ಬೇಗ ತೇಯುತ್ತಿದ್ದರೆ ಬೇರೆ ಟಯರ್ ಹುಡುಕುವ ಮೊದಲು ಹಳೆಯ ಟಯರನ್ನು ಮುಟ್ಟಿ ಓದಿ. ನಡುಭಾಗ ಮಾತ್ರ ತೇದಿದೆಯೇ, ಒಂದೇ ಅಂಚು ತೇದಿದೆಯೇ, ಗರಗಸದಂತೆ ಆಗಿದೆಯೇ? ಕಾರಣ ಅಲ್ಲಿಯೇ ಬರೆದಿರುತ್ತದೆ.

5. ಮನೆಯ ಸ್ಕೂಟರ್, ಬೈಕ್, ಕಾರಿನ ಟಯರಿನ ಮೇಲಿನ ಅಳತೆಯನ್ನು ಇವತ್ತೇ ಓದಿ, ವಾಹನದ ಕೈಪಿಡಿಯಲ್ಲಿರುವ ಅಳತೆಯೊಂದಿಗೆ ಹೋಲಿಸಿ. ಹೊಂದದಿದ್ದರೆ ಮನೆಯ ಹಿರಿಯರಿಗೆ ತಿಳಿಸಿ.

ನಮ್ಮಲ್ಲಿ ಕೆಲವರ ತಂದೆ, ಅಣ್ಣಂದಿರು ಗ್ಯಾರೇಜಿನಲ್ಲೋ ಟಯರ್ ಅಂಗಡಿಯಲ್ಲೋ ದುಡಿಯುವವರು. ಅವರ ಕೈಗೆ ಗೊತ್ತಿರುವುದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಹೆಸರುಗಳಿವೆ, ಸೂತ್ರಗಳಿವೆ. ಮುಂದಿನ ರಜೆಯಲ್ಲಿ ಅವರ ಪಕ್ಕ ಒಂದು ದಿನ ಕೂತು ಕೆಲಸ ನೋಡಿ, ಏಕೆ ಹೀಗೆ ಎಂದು ಕೇಳಿ. ವೃತ್ತೀಯ ಚಲನೆಯ ಅಧ್ಯಾಯ ಪರೀಕ್ಷೆ ಮುಗಿದ ಮೇಲೂ ನೆನಪಿನಲ್ಲಿ ಉಳಿಯುತ್ತದೆ.